ಕುದುರೆಗೆ ಕಟ್ಟಿದರೆ ಸರಿ, ಎಲೆಗೆ ಕಟ್ಟಿದರೆ ಕೇಸು: ಜೂಜಿನ ಕಾನೂನು ಕುರಿತ ಓದುಗರ ಪ್ರಶ್ನೆಗಳು

ರೇಸು, ಲಾಟರಿ, ಇಸ್ಪೀಟು, ಆನ್‌ಲೈನ್ ರಮ್ಮಿ, ಐಪಿಎಲ್ ಬೆಟ್ಟಿಂಗ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಾನೂನು ಮತ್ತು ತೆರಿಗೆ ಬಲ್ಲವರು ಸೇರಿ ಉತ್ತರ ಬರೆದಿದ್ದಾರೆ.

ರೇಸ್‌ಕೋರ್ಸಿನಲ್ಲಿ ಪೊಲೀಸರ ಎದುರೇ ಜನ ಸಾವಿರಗಟ್ಟಲೆ ಕಟ್ಟುತ್ತಾರೆ. ಯುಗಾದಿ ದಿನ ನಮ್ಮ ಬೀದಿಯ ಅರಳಿಕಟ್ಟೆಯಲ್ಲಿ ಅಂದರ್ ಬಾಹರ್ ಆಡಿದ ಹುಡುಗರನ್ನು ಮಾತ್ರ ಠಾಣೆಗೆ ಕರೆದೊಯ್ದರು. ಎರಡೂ ಹಣ ಕಟ್ಟುವ ಆಟವೇ ಅಲ್ಲವೇ?
— ಶ್ರೀರಾಮಪುರದ ಓದುಗರು

ಹೌದು, ಎರಡೂ ಹಣ ಕಟ್ಟುವ ಆಟವೇ. ಆದರೆ ಕಾನೂನು ಹಣವನ್ನಷ್ಟೇ ನೋಡುವುದಿಲ್ಲ. ಎಲ್ಲಿ ಕಟ್ಟಿದಿರಿ, ಯಾವ ದಿನ ಕಟ್ಟಿದಿರಿ, ಯಾರ ಹತ್ತಿರ ಕಟ್ಟಿದಿರಿ ಎಂಬುದನ್ನೂ ನೋಡುತ್ತದೆ.

ಸಂವಿಧಾನದ ರಾಜ್ಯಪಟ್ಟಿಯ 34ನೇ ನಮೂದು ಜೂಜು ಮತ್ತು ಬಾಜಿಯ ವಿಷಯವನ್ನು ರಾಜ್ಯಗಳ ಕೈಗೆ ಕೊಟ್ಟಿದೆ. ನಮ್ಮಲ್ಲಿ ಅದಕ್ಕಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಜೂಜು ಎಂದರೇನು ಎಂದು ಹೇಳುವ ಸಾಲಿನಲ್ಲೇ ಅದು ಕುದುರೆ ಪಂದ್ಯವನ್ನು ಹೊರಗಿಟ್ಟಿದೆ. ಅದಕ್ಕೆ ಮೂರು ಷರತ್ತು: ಪಂದ್ಯ ನಡೆಯುವ ದಿನವೇ ಕಟ್ಟಬೇಕು, ಸರ್ಕಾರದ ಒಪ್ಪಿಗೆಯಿಂದ ಗೊತ್ತುಮಾಡಿದ ಆವರಣದೊಳಗೇ ಕಟ್ಟಬೇಕು, ಪರವಾನಗಿ ಇರುವ ಬುಕ್‌ಮೇಕರ್ (ಬೆಟ್ ಹಿಡಿಯುವವರು) ಬಳಿ ಅಥವಾ ಟೋಟ್ (ಬೆಟ್‌ಗಳನ್ನು ಒಟ್ಟುಗೂಡಿಸುವ ಯಂತ್ರ) ಕಿಟಕಿಯಲ್ಲೇ ಕಟ್ಟಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ಜೂಜು. ರೇಸ್‌ಕೋರ್ಸ್ ರಸ್ತೆಯ ಆವರಣದೊಳಗೆ ಟೋಟ್‌ನಲ್ಲಿ 500 ರೂಪಾಯಿ ಕಟ್ಟಿದವರ ಮೇಲೆ ಕೇಸಿಲ್ಲ. ಅದೇ ಕುದುರೆಗೆ, ಅದೇ ನಿಮಿಷ, ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ನಿಂತು ಫೋನಿನಲ್ಲಿ ಬುಕ್ಕಿಗೆ 500 ಹೇಳಿದರೆ ಅದು ಅಪರಾಧ. ಕುದುರೆಯೂ ಒಂದೇ, ಸೋಲೂ ಒಂದೇ. ನಡುವೆ ಇರುವುದು ಒಂದು ಗೋಡೆ.

ಕೋರ್ಟಿನ ಆಧಾರವೂ ಇದಕ್ಕಿದೆ. ಕುದುರೆಯ ತಳಿ, ತರಬೇತಿ, ಜಾಕಿಯ ಅನುಭವ, ಹೊರುವ ತೂಕ, ಓಡುವ ದೂರ ಇವನ್ನೆಲ್ಲ ಅಳೆದು ಕಟ್ಟುವುದರಿಂದ ರೇಸು ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿತು. ಅಂದರ್ ಬಾಹರ್‌ಗೆ ಆ ರಕ್ಷಣೆ ಸಿಗುವುದಿಲ್ಲ. ನಡುವೆ ಒಂದು ಎಲೆ ತೆರೆದಿಟ್ಟು ಒಳಗೊಂದು ಹೊರಗೊಂದು ಹಾಕುತ್ತ ಹೋದರೆ ಜೊತೆ ಎಲೆ ಯಾವ ಕಡೆ ಬೀಳುತ್ತದೆ ಎಂಬುದರಲ್ಲಿ ಆಡುವವನ ಬುದ್ಧಿಗೆ ಕೆಲಸವಿಲ್ಲ. ಬೀದಿ, ಕಟ್ಟೆ, ಮೈದಾನದಲ್ಲಿ ಆಡಿದರೆ ಕಾಯ್ದೆಯ 87ನೇ ಕಲಂ ಬೀಳುತ್ತದೆ. ಒಬ್ಬರು ಜಾಗ ಕೊಟ್ಟು ಅದರಿಂದ ಲಾಭ ತೆಗೆಯುತ್ತಿದ್ದರೆ ಅವರಿಗೆ 79, ಅಲ್ಲಿ ಆಡಿದವರಿಗೆ 80. ಹಬ್ಬಕ್ಕೆಂದು ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಯುಗಾದಿಯ ಇಸ್ಪೀಟು ಹಳೇ ಮೈಸೂರು ಸೀಮೆಯಲ್ಲಿ ಎಷ್ಟೇ ಹಳೆಯ ರೂಢಿಯಾದರೂ ಕಾಯ್ದೆಯ ಎದುರು ಅದು ನಿಲ್ಲುವುದಿಲ್ಲ.

ಹುಡುಗರ ಮೇಲೆ ಕೇಸಾಗಿದ್ದರೆ ಮೊದಲು ಮಹಜರಿನ ಪ್ರತಿ ತೆಗೆದುಕೊಳ್ಳಿ. ಪಣಕ್ಕಿಟ್ಟ ಹಣ ಬೇರೆ, ಜೇಬಿನಲ್ಲಿದ್ದ ಹಣ ಬೇರೆ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಬರೆದಿದ್ದರೆ ಆಮೇಲೆ ಬಿಡಿಸುವುದು ಕಷ್ಟ. ಯಾರ ಬಳಿ ಎಷ್ಟು ಸಿಕ್ಕಿತು, ಯಾವ ಮುಖಬೆಲೆಯ ನೋಟು ಎಷ್ಟು, ಸಾಕ್ಷಿಗಳಾಗಿ ಸಹಿ ಹಾಕಿದವರು ಯಾರು, ಜಾಗದ ಗುರುತು ಏನು ಎಂಬುದನ್ನು ಓದಿ ನೋಡಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ.

ರೇಸಿನ ವಿಷಯದಲ್ಲೂ ಸರ್ಕಾರ ಒಂದೇ ಮಾತಿಗೆ ನಿಂತಿಲ್ಲ. 2024ರ ಜೂನ್‌ನಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿಗೆ ಪಂದ್ಯ ಮತ್ತು ಬೆಟ್ಟಿಂಗ್ ನಡೆಸಲು ಪರವಾನಗಿ ನಿರಾಕರಿಸಿತು. ಹೈಕೋರ್ಟಿನ ಏಕಸದಸ್ಯ ಪೀಠ ಪಂದ್ಯಕ್ಕೆ ಅವಕಾಶ ಕೊಟ್ಟಿತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. ತೆರಿಗೆಯೂ ಇದೇ ದಾರಿ ಹಿಡಿಯಿತು. ಕ್ಲಬ್ಬು ಪಡೆಯುವ ಕಮಿಷನ್ ಮೇಲಷ್ಟೇ ಜಿಎಸ್‌ಟಿ ಎಂದು 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು. 2023ರ ಅಕ್ಟೋಬರ್ 1ರಿಂದ ಕಾನೂನನ್ನೇ ಬದಲಿಸಿ ಬೆಟ್‌ನ ಪೂರ್ತಿ ಮೊತ್ತಕ್ಕೆ ಶೇ 28 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ನೂರು ರೂಪಾಯಿಯ ಬೆಟ್‌ಗೆ ನಲವತ್ತು ರೂಪಾಯಿ ತೆರಿಗೆ ಎಂದಾಗ, ಬಿಲ್ಲಿಲ್ಲದೆ ಕೈಚೀಟಿ ಬರೆದುಕೊಡುವ ಬುಕ್ಕಿಯೇ ಅಗ್ಗವಾಗಿ ಕಾಣುತ್ತಾನೆ. ಕಾನೂನಿನೊಳಗೆ ಇರುವವನನ್ನು ಹೊರಗೆ ದೂಡುವ ತೆರಿಗೆ ಇದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ರೇಸಿಗೆ ಹೋಗುವವರಿಗೆ ಒಂದು ಮಾತು: ತೆರಿಗೆ ನಮೂದಿಸಿದ ಮುದ್ರಿತ ಟಿಕೆಟ್ ಕೈಗೆ ಬಾರದಿದ್ದರೆ ನೀವು ಆವರಣದೊಳಗಿದ್ದರೂ ಕಟ್ಟಿದ್ದು ಲೆಕ್ಕಕ್ಕಿಲ್ಲದ ಬೆಟ್. ಗೆದ್ದರೂ ಕೇಳುವ ಹಾಗಿಲ್ಲ.

ಕಾಸರಗೋಡಿನ ನೆಂಟರ ಮನೆಗೆ ಹೋದಾಗ ಕೊಂಡ ಕೇರಳ ಲಾಟರಿ ಟಿಕೆಟ್‌ಗೆ 1 ಲಕ್ಷ ಬಂದಿದೆ. ಕರ್ನಾಟಕದಲ್ಲಿ ಲಾಟರಿ ನಿಷೇಧ ಇರುವುದರಿಂದ ಹಣ ತೆಗೆದುಕೊಂಡರೆ ತೊಂದರೆಯೇ? ವಾಟ್ಸ್ಆ್ಯಪ್‌ನಲ್ಲೂ ಟಿಕೆಟ್ ಕಳಿಸುತ್ತೇವೆ ಎನ್ನುತ್ತಿದ್ದಾರೆ.
— ಕೆ.ಆರ್. ಪುರದ ಓದುಗರು

ತೊಂದರೆ ಇಲ್ಲ, ಬೇಗ ಹೊರಡಿ. ಬಹುಮಾನ ಕೇಳಲು ಇರುವುದು ಡ್ರಾ ದಿನದಿಂದ 30 ದಿನ.

ಟಿಕೆಟ್‌ನ ಹಿಂಬದಿಯಲ್ಲಿ ನಿಮ್ಮ ಹೆಸರು, ವಿಳಾಸ ಬರೆದು ಈಗಲೇ ಸಹಿ ಹಾಕಿ. ಸಹಿ ಇಲ್ಲದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದ್ದಾಗುವ ಅಪಾಯವಿದೆ. ಎರಡೂ ಬದಿಯ ಜೆರಾಕ್ಸ್ ತೆಗೆದಿಡಿ. ಮಡಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ; ನಂಬರಾಗಲಿ ಬಾರ್‌ಕೋಡಾಗಲಿ ಕೆಟ್ಟರೆ ಟಿಕೆಟ್ಟೇ ತಿರಸ್ಕಾರವಾಗಬಹುದು. 5,000 ರೂಪಾಯಿವರೆಗಿನ ಬಹುಮಾನ ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಅದರಿಂದ ಮೇಲೆ 1 ಲಕ್ಷದವರೆಗೆ ಜಿಲ್ಲಾ ಲಾಟರಿ ಕಚೇರಿಗೆ ಹೋಗಬೇಕು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫೋಟೊ ಒಯ್ಯಿರಿ. ಹೊರರಾಜ್ಯದವರ ಗುರುತಿನ ದಾಖಲೆಗೆ ನೋಟರಿಯ ಸಹಿ, ಸೀಲು ಕೇಳುತ್ತಾರೆ. ಇದನ್ನು ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೊರಟರೆ ಒಂದು ಓಡಾಟ ಉಳಿಯುತ್ತದೆ. ಶೇ 30 ಆದಾಯ ತೆರಿಗೆ ಹಿಡಿದು ಉಳಿದದ್ದು ಖಾತೆಗೆ ಬರುತ್ತದೆ.

ನಿಷೇಧದ ವಿಷಯ ಹೀಗಿದೆ. ರಾಜ್ಯ ಸರ್ಕಾರಗಳು ನಡೆಸುವ ಲಾಟರಿ ಕೇಂದ್ರಪಟ್ಟಿಯ 40ನೇ ನಮೂದಿಗೆ ಸೇರಿದ್ದು. ಅದಕ್ಕೆ 1998ರ ಲಾಟರಿ ನಿಯಂತ್ರಣ ಕಾಯ್ದೆ ಇದೆ. ಅದರ 5ನೇ ಕಲಂ ಪ್ರಕಾರ ಒಂದು ರಾಜ್ಯ ತನ್ನ ಗಡಿಯೊಳಗೆ ಬೇರೆ ರಾಜ್ಯದ ಟಿಕೆಟ್ ಮಾರಾಟ ನಿಷೇಧಿಸಬಹುದು. ಆದರೆ ತನ್ನ ಲಾಟರಿ ನಡೆಸುತ್ತ ಪಕ್ಕದವರದ್ದನ್ನು ಮಾತ್ರ ತಡೆಯುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. 2007ರಲ್ಲಿ ಕರ್ನಾಟಕ ಲಾಟರಿಯನ್ನೇ ಪೂರ್ತಿ ನಿಲ್ಲಿಸಿತು. ಕೇರಳ ಮಾತ್ರ 1967ರಿಂದ ಸರ್ಕಾರದ ಇಲಾಖೆಯ ಮೂಲಕವೇ ಲಾಟರಿ ನಡೆಸುತ್ತಿದೆ. ಹಾಗಾಗಿ ಕೇರಳ ಗಡಿಯ ತಲಪಾಡಿಯ ಆಚೆ ಟಿಕೆಟ್ ಮಾರುವುದು ಹೊಟ್ಟೆಪಾಡು, ಈಚೆ ಅಪರಾಧ. ಆಚೆ ಕೊಂಡು ಗೆದ್ದರೆ ಯಾರೂ ಕೇಳುವುದಿಲ್ಲ. 2024ರ ತಿರುವೋಣಂ ಬಂಪರ್‌ನ 25 ಕೋಟಿ ಬಂದದ್ದು ಕರ್ನಾಟಕದವರೊಬ್ಬರಿಗೇ.

ವಾಟ್ಸ್ಆ್ಯಪ್ ಟಿಕೆಟ್ ಬೇಡವೇ ಬೇಡ. ಕೇರಳದ್ದು ಕಾಗದದ ಲಾಟರಿ, ಆನ್‌ಲೈನ್ ಮಾರಾಟಕ್ಕೆ ಅಲ್ಲೂ ಅವಕಾಶವಿಲ್ಲ. ಫೋಟೊ ಕಳಿಸಿ 'ಟಿಕೆಟ್ ನಮ್ಮ ಹತ್ತಿರ ಭದ್ರವಾಗಿದೆ' ಎನ್ನುವವನು ಅದೇ ಫೋಟೊವನ್ನು ಐವತ್ತು ಜನಕ್ಕೆ ಮಾರಿರಬಹುದು. 'ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ' ಎಂದರೆ ಅದು ನೂರಕ್ಕೆ ನೂರು ಮೋಸ. ಸರ್ಕಾರ ತೆರಿಗೆಯನ್ನು ಬಹುಮಾನದಲ್ಲೇ ಮುರಿದುಕೊಳ್ಳುತ್ತದೆ, ಮುಂಗಡ ಕೇಳುವುದಿಲ್ಲ.

ರಮ್ಮಿ ಆ್ಯಪ್‌ನಲ್ಲಿ ಮೂರು ವರ್ಷ ಆಡಿದ್ದೇನೆ. ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು, ತೆರಿಗೆಯೂ ಕಡಿತವಾಗುತ್ತಿತ್ತು. ಈಗ ನಿಷೇಧ ಅನ್ನುತ್ತಾರೆ. ನಾನೂ ಅಪರಾಧಿಯೇ?
— ಎಲೆಕ್ಟ್ರಾನಿಕ್ ಸಿಟಿಯ ಓದುಗರು

ಅಲ್ಲ. 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಆಡುವವರಿಗೆ ಶಿಕ್ಷೆ ಇಟ್ಟಿಲ್ಲ. ಹಣದ ಆಟ ಒದಗಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಹಣ ಸಾಗಿಸಲು ನೆರವಾದವರಿಗೆ ಮತ್ತೆ 3 ವರ್ಷ, 1 ಕೋಟಿ.

ನಿಮ್ಮ ಗೊಂದಲಕ್ಕೆ ನೀವು ಕಾರಣರಲ್ಲ. ಬೆಂಗಳೂರಿನಲ್ಲಿ ಕುಳಿತು ಅದೇ ಫೋನಿನಲ್ಲಿ ಅದೇ ಹದಿಮೂರು ಎಲೆ ಆಡಿದ ಮನುಷ್ಯನ ಸ್ಥಿತಿ ನೋಡಿ. 2021ರ ಅಕ್ಟೋಬರ್ 5ರಂದು ರಾಜ್ಯದ ತಿದ್ದುಪಡಿ ಜಾರಿಯಾಗಿ ಕೌಶಲದ ಆಟಕ್ಕೂ ಹಣ ಕಟ್ಟುವುದು ಅಪರಾಧವಾಯಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಆಟ ಮತ್ತೆ ಸರಿಯಾಯಿತು. 2023ರ ಅಕ್ಟೋಬರ್‌ನಿಂದ ಹಾಕಿದ ಹಣದ ಮೇಲೆ ಶೇ 28 ಜಿಎಸ್‌ಟಿ. ಆ ವರ್ಷದಿಂದ ಇದೇ ಉದ್ಯಮದ ಒಂದು ಕಂಪನಿಯ ಹೆಸರು ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೇ ಇತ್ತು. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ: ಮೂರೇ ದಿನದಲ್ಲಿ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಎಲ್ಲಕ್ಕೂ ನಿಷೇಧ. ಒಂದು ತಿಂಗಳ ನಂತರ ಶೇ 40 ಜಿಎಸ್‌ಟಿಯ ಪಟ್ಟಿಯಲ್ಲಿ ಆನ್‌ಲೈನ್ ಹಣದಾಟದ ಹೆಸರೂ ಸೇರಿತು. ನಿಷೇಧಿಸಿದ್ದಕ್ಕೆ ತೆರಿಗೆ ದರ ಏರಿಸುವ ಸರ್ಕಾರ ಜನರಿಗೆ ಏನು ತಿಳಿಸಿದಂತಾಯಿತು? ಈ ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಸೇರಿದಂತೆ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತೆಗೆದುಕೊಂಡಿದೆ.

ಖಾತೆಯಲ್ಲಿ ಹಣ ಉಳಿದಿದ್ದರೆ ಆ್ಯಪ್‌ನೊಳಗಿನ ವಿತ್‌ಡ್ರಾ ದಾರಿಯಲ್ಲೇ ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೆ ತೆಗೆಯಿರಿ. ಗೂಗಲ್‌ನಲ್ಲಿ ಸಿಗುವ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಮಾಡಬೇಡಿ. ವ್ಯಾಲೆಟ್ ಬಿಡಿಸಿಕೊಡುತ್ತೇವೆಂದು ಓಟಿಪಿ ಕೇಳುವವರು ಕಾದಿರುತ್ತಾರೆ. ಆಡಿದ ವರ್ಷಗಳ ಫಾರಂ 26ಎಎಸ್ (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ತೆಗೆದು, ಕಂಪನಿ ಕಡಿತ ಮಾಡಿದ ಶೇ 30 ಅಲ್ಲಿ ದಾಖಲಾಗಿದೆಯೇ ನೋಡಿ, ರಿಟರ್ನ್‌ನಲ್ಲಿ ತೋರಿಸಿ.

ದೇಶದ ಆ್ಯಪ್ ನಿಂತಿತೆಂದು ಟೆಲಿಗ್ರಾಮ್‌ನಲ್ಲಿ ಬರುವ ಹೊರದೇಶದ ಲಿಂಕಿಗೆ ಹೋಗಬೇಡಿ. ಅಲ್ಲಿ ಹಣ ಹಾಕಲು ಕೊಡುವ ಯುಪಿಐ ಐಡಿ ಯಾವುದೋ ಬಡಪಾಯಿಯ ಬಾಡಿಗೆ ಖಾತೆಯದ್ದಾಗಿರುತ್ತದೆ. ಆ ಖಾತೆಯ ಮೇಲೆ ಎಲ್ಲೋ ಒಂದು ದೂರು ದಾಖಲಾದರೆ ಅದರೊಡನೆ ವ್ಯವಹರಿಸಿದ ನಿಮ್ಮ ಸಂಬಳದ ಖಾತೆಯೂ ಫ್ರೀಜ್ ಆಗಬಹುದು. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಹಿವಾಟಿನ ಯುಟಿಆರ್ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯಲು ಇವು ಬೇಕು.

ನಮ್ಮ ಕ್ಲಬ್ಬಿನಲ್ಲಿ ಹಿರಿಯ ಸದಸ್ಯರು ಸಂಜೆ ರಮ್ಮಿ ಆಡುತ್ತಾರೆ. ಇದಕ್ಕೂ ಭಯಪಡಬೇಕೇ?
— ರಾಜಾಜಿನಗರದ ಕ್ಲಬ್ಬೊಂದರ ಕಾರ್ಯದರ್ಶಿ

ಹದಿಮೂರು ಎಲೆಯ ರಮ್ಮಿಗೆ ಭಯಬೇಡ. ಬಿದ್ದ ಎಲೆ ನೆನಪಿಟ್ಟು, ಇಟ್ಟುಕೊಳ್ಳುವುದು ಬಿಡುವುದು ಲೆಕ್ಕಹಾಕಿ ಆಡುವ ಆಟವಿದು, ಮುಖ್ಯವಾಗಿ ಕೌಶಲದ್ದು ಎಂದು ಸುಪ್ರೀಂ ಕೋರ್ಟ್ ಆಂಧ್ರದ ಸತ್ಯನಾರಾಯಣ ಪ್ರಕರಣದಲ್ಲಿ 1967ರಲ್ಲೇ ಹೇಳಿದೆ. ನಮ್ಮ ಪೊಲೀಸ್ ಕಾಯ್ದೆಯ 176ನೇ ಕಲಂ ಕೌಶಲದ ಆಟಗಳನ್ನು ಹೊರಗಿಟ್ಟಿದೆ. ಮೂರೆಲೆಯ ಆಟವನ್ನು ಅದೇ ತೀರ್ಪು ಅದೃಷ್ಟದ ಆಟ ಎಂದಿದೆ; ಅದನ್ನು ಒಳಗೆ ಬಿಡಬೇಡಿ.

ಕ್ಲಬ್ಬುಗಳು ಸಿಕ್ಕಿಬೀಳುವುದು ಲಾಭದ ವಿಷಯದಲ್ಲಿ. ಕಾರ್ಡಿಗೆ, ಕುರ್ಚಿಗೆ ಸಣ್ಣ ಶುಲ್ಕ ಪಡೆದ ಮಾತ್ರಕ್ಕೆ ಜೂಜಿನಡ್ಡೆ ಆಗುವುದಿಲ್ಲ. ಗೆದ್ದ ಮೊತ್ತದಲ್ಲಿ ಪಾಲು ಹೊಡೆದರೆ ಮಾತ್ರ ರಮ್ಮಿ ಆಡಿದರೂ ಕೇಸು ನಿಲ್ಲುತ್ತದೆ ಎಂದು ಆ ತೀರ್ಪೇ ಎಚ್ಚರಿಸಿದೆ. ಶುಲ್ಕ ಎಲ್ಲರಿಗೂ ಒಂದೇ ಇರಲಿ, ಪ್ರತಿಯೊಂದಕ್ಕೂ ರಸೀದಿ ಇರಲಿ, ಸದಸ್ಯರ ಮತ್ತು ಅತಿಥಿಗಳ ರಿಜಿಸ್ಟರಿನಲ್ಲಿ ಸಹಿಯಾಗಲಿ. ಆಡದೆ ಹಿಂದೆ ನಿಂತು ಇನ್ನೊಬ್ಬರ ಕೈಗೆ ಬಾಜಿ ಕಟ್ಟುವವರನ್ನು ಹೊರಗೆ ಕಳಿಸಿ. ಅವರಿಗೆ ಕೌಶಲದ ವಾದ ಒದಗುವುದಿಲ್ಲ.

ಮೇಜಿನ ಮೇಲಿನ ರಮ್ಮಿಗೆ ಸಿಗುವ ಈ ರಕ್ಷಣೆ ಮೊಬೈಲಿನ ರಮ್ಮಿಗೆ ಈಗ ಇಲ್ಲ. ಅದೇ ಸದಸ್ಯರು ಅದೇ ಆಟವನ್ನು ಹಣವಿಟ್ಟು ಆ್ಯಪ್‌ನಲ್ಲಿ ಆಡುವಂತೆ ಕ್ಲಬ್ಬು ಏರ್ಪಾಡು ಮಾಡಬಾರದು.

ಮಗ ಐಪಿಎಲ್ ಬೆಟ್ಟಿಂಗ್‌ನಲ್ಲಿ ಸೋತು, ಬುಕ್ಕಿಗೆ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದಾನೆ. 4 ಲಕ್ಷ ಕೊಡದಿದ್ದರೆ ಚೆಕ್ ಬೌನ್ಸ್ ಕೇಸು ಹಾಕುತ್ತೇನೆ ಎಂದು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಮಾನಕ್ಕೆ ಅಂಜಿ ಒಡವೆ ಮಾರಲೇ?
— ಯಲಹಂಕದ ತಾಯಿಯೊಬ್ಬರು

ಅಮ್ಮಾ, ಒಡವೆ ಮಾರಬೇಡಿ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಒಪ್ಪಂದ ಶೂನ್ಯ. ಗೆದ್ದವನು ಕೋರ್ಟಿಗೆ ಹೋಗಿ ವಸೂಲು ಮಾಡುವ ಹಾಗಿಲ್ಲ. (ಅಲ್ಲೂ ಕುದುರೆಗೊಂದು ವಿನಾಯಿತಿ ಇದೆ: 500 ರೂಪಾಯಿ ಅಥವಾ ಹೆಚ್ಚಿನ ರೇಸ್ ಬಹುಮಾನಕ್ಕೆ ಕೂಡಿಸುವ ವಂತಿಗೆಗೆ ಈ ಕಲಂ ಅಡ್ಡಬರುವುದಿಲ್ಲ.) ಚೆಕ್ ಬೌನ್ಸ್ ಕೇಸು ನಿಲ್ಲಬೇಕಾದರೆ ಕಾನೂನುಬದ್ಧ ಸಾಲ ಇರಬೇಕು. ಬೆಟ್ಟಿಂಗ್ ಬಾಕಿ ಅಂಥ ಸಾಲವಲ್ಲ.

ಆದರೆ ಸುಮ್ಮನೆ ಕೂತರೆ ಸೋಲುತ್ತೀರಿ. ಸಹಿ ಒಪ್ಪಿಕೊಂಡ ಮೇಲೆ ಚೆಕ್ ಸಾಲಕ್ಕೇ ಕೊಟ್ಟದ್ದು ಎಂದು ಕೋರ್ಟ್ ಮೊದಲಿಗೆ ಭಾವಿಸುತ್ತದೆ. ಮನಸಾರೆ ಕೊಟ್ಟ ಖಾಲಿ ಚೆಕ್‌ಗೂ ಈ ಭಾವನೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಲ್ಲ ಎಂದು ತೋರಿಸುವ ಹೊಣೆ ಮಗನದ್ದು. ಅದಕ್ಕೆ ಬೇಕಾದ ಪುರಾವೆ ಈಗ ಅವನ ಫೋನಿನಲ್ಲೇ ಇದೆ. ಬುಕ್ಕಿಯ ಜೊತೆಗಿನ ಚಾಟ್, ಯಾವ ಮ್ಯಾಚಿಗೆ ಎಷ್ಟು ಎಂಬ ಸಂದೇಶ, ಯುಪಿಐ ರಸೀದಿ ಯಾವುದನ್ನೂ ಅಳಿಸಲು ಬಿಡಬೇಡಿ. ನಾಚಿಕೆಯಿಂದ ಎಲ್ಲ ಡಿಲೀಟ್ ಮಾಡುವುದೇ ಇಂಥ ಪ್ರಕರಣದಲ್ಲಿ ಆಗುವ ದೊಡ್ಡ ತಪ್ಪು.

ಚೆಕ್ ಮರಳಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಬುಕ್ಕಿ ನೋಟಿಸ್ ಕೊಡಬೇಕು. ನೋಟಿಸ್ ಕೈಗೆ ಬಂದ 15 ದಿನದೊಳಗೆ ವಕೀಲರ ಮೂಲಕ ಉತ್ತರ ಕೊಡಿ: ಸಾಲ ಪಡೆದಿಲ್ಲ, ಚೆಕ್ ಬೆಟ್ಟಿಂಗ್‌ಗೆ ಸಂಬಂಧಿಸಿದ್ದು, ಮೊತ್ತ ಬರೆದದ್ದು ಮಗನಲ್ಲ. ಈ ಉತ್ತರ ಕೊಡದೆ ಕೋರ್ಟಿನಲ್ಲಿ ಮೊದಲ ಸಲ ಹೇಳಿದರೆ ಕಟ್ಟುಕಥೆ ಅನ್ನಿಸುತ್ತದೆ. 'ಸ್ಟಾಪ್ ಪೇಮೆಂಟ್' ಕೊಟ್ಟರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದರಿಂದಲೂ ಕೇಸು ಬರುತ್ತದೆ. ಇನ್ನೊಂದು ಎಚ್ಚರ: ಬೆಟ್‌ಗೆ ಸಂಬಂಧವಿಲ್ಲದ ಮೂರನೆಯವರಿಂದ ಕೈಗಡ ತಂದು ಬುಕ್ಕಿಗೆ ಕೊಟ್ಟಿದ್ದರೆ ಆ ಕೈಗಡ ತೀರಿಸಲೇಬೇಕಾಗಬಹುದು. ಬಾಜಿ ಶೂನ್ಯ ನಿಜ, ಅದಕ್ಕಾಗಿ ತಂದ ಸಾಲ ಶೂನ್ಯವಲ್ಲ.

ಬಾಗಿಲಿಗೆ ಬಂದು ಬೆದರಿಸಿದರೆ 112ಕ್ಕೆ ಫೋನ್ ಮಾಡಿ. ಲಿಖಿತ ದೂರಿನಲ್ಲಿ ಬಂದ ದಿನ, ಗಂಟೆ, ಆಡಿದ ಮಾತು, ಗಾಡಿ ನಂಬರ್ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯ 308 (ಸುಲಿಗೆ) ಮತ್ತು 351 (ಬೆದರಿಕೆ) ಇದಕ್ಕೆ ಹೊಂದುತ್ತವೆ; ತಂಡ ಕಟ್ಟಿಕೊಂಡು ಬೆಟ್ಟಿಂಗ್ ನಡೆಸುವುದಕ್ಕೆ 112ನೇ ಕಲಂನಲ್ಲಿ 1ರಿಂದ 7 ವರ್ಷದ ಶಿಕ್ಷೆ ಇದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ವಿಭಾಗದ ಡಿಸಿಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಮಗ ಬೆಟ್ ಕಟ್ಟಿದ್ದೂ ದೂರಿನಲ್ಲಿ ಬರುತ್ತದೆ, ಅವನ ಮೇಲೂ ಜೂಜಿನ ಕಲಂ ಬೀಳಬಹುದು. ಅದಕ್ಕೇ ವಕೀಲರನ್ನು ಕಂಡು ದೂರು ಬರೆಸಿ.

ಮಗನನ್ನು ಬೈದು ಕೂರಿಸಿದರೆ ಚಟ ಹೋಗುವುದಿಲ್ಲ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್ ಮೂಲಕ ಹತ್ತಿದ ಗೀಳಾದರೆ ನಿಮ್ಹಾನ್ಸ್‌ನ 'ಶಟ್' ಕ್ಲಿನಿಕ್ ಇದೆ. ಅಲ್ಲಿಯವರೆಗೆ ಅವನ ಖಾತೆಯ ಯುಪಿಐ ಮಿತಿ ಇಳಿಸಿ, ಕ್ರೆಡಿಟ್ ಕಾರ್ಡ್ ಬ್ಲಾಕ್ ಮಾಡಿಸಿ, ಸಾಲದ ಆ್ಯಪ್‌ಗಳನ್ನು ತೆಗೆಸಿ.

ಅಪಾರ್ಟ್‌ಮೆಂಟಿನ ಗಣೇಶೋತ್ಸವಕ್ಕೆ 100 ರೂಪಾಯಿ ಕೂಪನ್ ಮಾರಿ ಸ್ಕೂಟರ್ ಬಹುಮಾನ ಇಡಬಹುದೇ?
— ಸರ್ಜಾಪುರ ರಸ್ತೆಯ ಓದುಗರು

ಇಡಬೇಡಿ. ಸರ್ಕಾರದ್ದಲ್ಲದ, ಅನುಮತಿ ಇಲ್ಲದ ಲಾಟರಿಗೆ ಜಾಗ ನಡೆಸಿದರೆ ನ್ಯಾಯ ಸಂಹಿತೆಯ 297ನೇ ಕಲಂನಲ್ಲಿ 6 ತಿಂಗಳವರೆಗೆ ಜೈಲು, ಅದರ ಪ್ರಕಟಣೆಗೆ 5,000 ರೂಪಾಯಿವರೆಗೆ ದಂಡ. ದೇವರ ಕೆಲಸ ಎಂಬುದು ಇದರಿಂದ ಪಾರು ಮಾಡದು. ವಂತಿಗೆಯನ್ನು ವಂತಿಗೆಯಾಗಿಯೇ ಪಡೆದು ರಸೀದಿ ಕೊಡಿ. ಚೀಟಿ ಎತ್ತುವುದಾದರೆ ಹಣ ಕೊಟ್ಟವರು, ಕೊಡದವರು ಎನ್ನದೆ ಎಲ್ಲ ಮನೆಗೂ ಉಚಿತವಾಗಿ ಒಂದೊಂದು ಚೀಟಿ ಹಂಚಿ. ಹಣ ಕಟ್ಟಿ ಆಡುವ ಹೌಸಿಯ (ತಂಬೋಲ) ಬದಲೂ ರಂಗೋಲಿ, ಅಂತ್ಯಾಕ್ಷರಿಯಂಥ ಸ್ಪರ್ಧೆ ಇಡಿ.

ರೇಸಿನಲ್ಲಿ ವರ್ಷಕ್ಕೆ 60,000 ಗೆದ್ದು 80,000 ಸೋತೆ. ನಷ್ಟವೇ ಆಗಿರುವಾಗ ತೆರಿಗೆ ಇಲ್ಲವಲ್ಲ?
— ಜಯನಗರದ ಓದುಗರು

ಇದೆ. ಗೆದ್ದ 60,000ಕ್ಕೆ ಶೇ 30ರಂತೆ 18,000, ಅದರ ಮೇಲೆ ಶೇ 4 ಸೆಸ್ 720, ಒಟ್ಟು 18,720 ರೂಪಾಯಿ. ಸೋತದ್ದನ್ನು ಕಳೆಯುವ ಹಾಗಿಲ್ಲ, ಮೂಲ ವಿನಾಯಿತಿ ಮಿತಿಯೂ ಈ ಹಣಕ್ಕೆ ಸಿಗುವುದಿಲ್ಲ. ಒಂದೇ ಸಲಕ್ಕೆ 10,000 ದಾಟಿದ ಗೆಲುವಿಗೆ ಅಲ್ಲೇ ಟಿಡಿಎಸ್ ಹಿಡಿಯುತ್ತಾರೆ. ಚಿಕ್ಕ ಗೆಲುವುಗಳನ್ನು ನೀವೇ ಕೂಡಿಸಿ ರಿಟರ್ನ್‌ನಲ್ಲಿ ತೋರಿಸಬೇಕು. ರೇಸ್ ಕುದುರೆ ಸಾಕುವ ಒಡೆಯ ಮಾತ್ರ ಸಾಕಣೆಯ ನಷ್ಟವನ್ನು 4 ವರ್ಷ ಮುಂದಕ್ಕೆ ಒಯ್ದು ಅದೇ ಬಾಬತ್ತಿನ ಆದಾಯದಲ್ಲಿ ಕಳೆದುಕೊಳ್ಳಬಹುದು. ಕಟೆಕಟೆಯ ಈಚೆ ನಿಂತು ಅದೇ ಕುದುರೆಗೆ ಕಟ್ಟಿದವರಿಗೆ ಅದಿಲ್ಲ.